ವೈರಸ್ "ರೂಪ ಬದಲಿಸಿದೆ" ಅಂತ ಬರೆಯುವ ಮುಂಚೆ: ಮ್ಯುಟೇಶನ್, ರೂಪಾಂತರಿ, ಕವಲು, ತಳಿ ಯಾವುದನ್ನು ಎಲ್ಲಿ ಬಳಸಬೇಕು

2021ರ ಡಿಸೆಂಬರ್ ಮೊದಲ ವಾರ. ದೇಶದ ಮೊದಲ ಎರಡು ಓಮಿಕ್ರಾನ್ ಕೇಸುಗಳು ನಮ್ಮ ಬೆಂಗಳೂರಿನಲ್ಲೇ ಸಿಕ್ಕಿವೆ ಅಂತ 2ನೇ ತಾರೀಖು ಸುದ್ದಿ ಬಂದಿತ್ತು. ಹನುಮಂತನಗರದ ದೊಡ್ಡಮ್ಮನ ಮನೆಯಲ್ಲಿ ಎಲ್ಲರೂ ಅವರೆಕಾಳು ಹಿಸುಕುತ್ತಾ ಕೂತಿದ್ದೆವು, ಟಿವಿ ತನ್ನ ಪಾಡಿಗೆ ಅರಚುತ್ತಿತ್ತು. ದೊಡ್ಡಮ್ಮ ಕೇಳಿದರು: "ಅಲ್ವೋ, ಡೆಲ್ಟಾನೇ ಈಗ ಓಮಿಕ್ರಾನ್ ಆಗಿದೆಯಂತೆ, ಹೌದಾ?" ಇಲ್ಲ ದೊಡ್ಡಮ್ಮ, ಅದು ಬೇರೆ ಇದು ಬೇರೆ ಅಂದೆ. "ಮತ್ತೆ ರೂಪಾಂತರ ಅಂದ್ರೆ ರೂಪ ಬದಲಾಯಿಸೋದು ತಾನೇ?"

ಅವರ ಪ್ರಶ್ನೆಯಲ್ಲಿ ತಪ್ಪೇ ಇರಲಿಲ್ಲ. ಆ ಎರಡು ವರ್ಷ ಕನ್ನಡದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳಿಗೆ ಒಂದೇ ಪದ ಬಳಸಿದ್ದೆವು. ವೈರಸ್ಸಿನ ಒಂದು ಅಕ್ಷರ ಬದಲಾದರೂ ರೂಪಾಂತರ, ಆ ಬದಲಾವಣೆ ಹೊತ್ತ ವೈರಸ್ಸೂ ರೂಪಾಂತರ, ಅದರ ಇಡೀ ವಂಶವೂ ರೂಪಾಂತರ. ಓದುವವರು ಏನಂತ ತಿಳಿದುಕೊಳ್ಳಬೇಕು? ಲ್ಯಾಬ್ ರಿಪೋರ್ಟುಗಳನ್ನು ಕನ್ನಡದಲ್ಲಿ ವಿವರಿಸಿ ಬರೆಯುವುದು ನನ್ನ ಕೆಲಸ, ಹಾಗಾಗಿ ಈ ಗೊಂದಲ ನನಗೆ ದಿನಾ ಎದುರಾಗುತ್ತದೆ. ನಾನು ಹೇಗೆ ಬಿಡಿಸಿಕೊಳ್ಳುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಆರೋಗ್ಯದ ಸುದ್ದಿ ಬರೆಯುವವರಿಗೆ, ಮೇಷ್ಟ್ರುಗಳಿಗೆ, ಮನೆಯ ವಾಟ್ಸಾಪ್ ಗುಂಪಿನಲ್ಲಿ "ಇದು ನಿಜಾನಾ?" ಅಂತ ಕೇಳಿಸಿಕೊಳ್ಳುವ ಎಲ್ಲರಿಗೂ ಬೇಕಾಗಬಹುದು.

ಮೊದಲು ಬದಲಾವಣೆ. ಅಂದರೆ ಮ್ಯುಟೇಶನ್.

ಕೊರೊನಾ ವೈರಸ್ಸಿನ ಜೀನೋಮ್ ಅಂದರೆ ಒಂದು ಉದ್ದನೆಯ ಆರ್‌ಎನ್‌ಎ ಸಾಲು. ಹೋಲಿಸಿ ನೋಡಲು ಎಲ್ಲರೂ ಇಟ್ಟುಕೊಂಡಿರುವ ಮೂಲ ಪ್ರತಿ ವುಹಾನ್‌ನಲ್ಲಿ ಸಿಕ್ಕಿದ್ದು, ಅದರಲ್ಲಿ 29,903 ಅಕ್ಷರಗಳಿವೆ. ನಾಲ್ಕೇ ನಾಲ್ಕು ಬಗೆಯ ಅಕ್ಷರ: ಎ, ಯು, ಜಿ, ಸಿ. ಕಂಪ್ಯೂಟರಿನಲ್ಲಿ ಯು ಬದಲು ಟಿ ಅಂತ ಬರೆಯುವ ರೂಢಿ ಇದೆ. ವೈರಸ್ ನಮ್ಮ ಜೀವಕೋಶದೊಳಗೆ ತನ್ನ ನಕಲು ತೆಗೆಯುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಾಗುತ್ತದೆ, ಅದೇ ಮ್ಯುಟೇಶನ್. ಇಲ್ಲಿ ಕ್ರಿಯಾಪದ ನೋಡಿ ಆರಿಸಿ. ಮ್ಯುಟೇಶನ್ "ಆಗುತ್ತದೆ". ವೈರಸ್ ಅದನ್ನು "ಮಾಡಿಕೊಳ್ಳುವುದಿಲ್ಲ". ವೇಷ ಹಾಕಿತು, ಅವತಾರ ಎತ್ತಿತು, ಲಸಿಕೆಗೆ ಹೆದರಿ ರೂಪ ಬದಲಿಸಿತು ಅಂತೆಲ್ಲ ಬರೆದರೆ ಅದಕ್ಕೊಂದು ಬುದ್ಧಿ ಇದೆ ಅನ್ನಿಸುತ್ತದೆ, ಅಲ್ವಾ? ತಪ್ಪು ಸುಮ್ನೆ ಆಗುತ್ತದೆ, ಬಹಳಷ್ಟು ಅಲ್ಲೇ ಸಾಯುತ್ತವೆ, ಯಾವುದೋ ಒಂದು ಉಳಿದು ಹರಡುತ್ತದೆ. "ಆಗು" ಅನ್ನುವ ಚಿಕ್ಕ ಕ್ರಿಯಾಪದ ಇಷ್ಟನ್ನೂ ಹೇಳುತ್ತದೆ.

ಈ ಅಕ್ಷರಗಳನ್ನು ಕೋಶ ಮೂರು ಮೂರಾಗಿ ಓದುತ್ತದೆ. ಒಂದೊಂದು ಮೂರಕ್ಕೆ ಒಂದೊಂದು ಅಮೈನೊ ಆಮ್ಲ, ಅವು ಮಣಿಸರದ ಹಾಗೆ ಜೋಡಿಸಿಕೊಂಡು ಪ್ರೊಟೀನ್ ಆಗುತ್ತದೆ. ಇದನ್ನು ವಿವರಿಸಲು ನಾನು ಯಾವಾಗಲೂ ಒಂದೇ ವಾಕ್ಯ ಬಳಸುತ್ತೇನೆ: ಅವನು ಮನೆಗೆ ಬರಲಿ. ಎಣಿಸಿ ನೋಡಿ, ಪ್ರತಿ ಪದದಲ್ಲೂ ಮೂರೇ ಅಕ್ಷರ. "ನು" ಹೋಗಿ "ಳು" ಬಂದರೆ "ಅವಳು ಮನೆಗೆ ಬರಲಿ". ಒಂದೇ ಅಕ್ಷರ, ಆದರೆ ಬರುವವರೇ ಬೇರೆ. ಇದು ಬದಲಿ, ಇಂಗ್ಲಿಷಿನವರು ಸಬ್‌ಸ್ಟಿಟ್ಯೂಶನ್ ಅನ್ನುತ್ತಾರೆ. "ಮನೆಗೆ" ಅನ್ನುವ ಇಡೀ ಪದ ಬಿದ್ದುಹೋದರೆ "ಅವನು ಬರಲಿ" ಉಳಿಯುತ್ತದೆ. ಏನೋ ಕಡಿಮೆಯಾಯಿತು, ಆದರೂ ಅರ್ಥ ಇದೆ. ಇದು ಡಿಲೀಶನ್, ಅಕ್ಷರಲೋಪ. ಈಗ "ವ" ಒಂದನ್ನೇ ತೆಗೆದು ಮತ್ತೆ ಮೂರು ಮೂರಾಗಿ ಓದಿ: ಅನುಮ ನೆಗೆಬ ರಲಿ. ಅಲ್ಲಿಂದ ಮುಂದಕ್ಕೆ ಎಲ್ಲಾ ಕೆಟ್ಟಿತು. ಇದಕ್ಕೆ ಫ್ರೇಮ್‌ಶಿಫ್ಟ್ ಅನ್ನುತ್ತಾರೆ. ವೈರಸ್ಸಿನ ಮೈಮೇಲಿನ ಮುಳ್ಳುಗಳಾದ ಸ್ಪೈಕ್‌ನಂಥ ಮುಖ್ಯ ಪ್ರೊಟೀನಿನಲ್ಲಿ ಹೀಗಾದರೆ ಆ ವೈರಸ್ ಬದುಕುವುದು ಕಷ್ಟ, ಅದಕ್ಕೇ ಹರಡುತ್ತಿರುವ ವೈರಸ್ಸುಗಳ ಸ್ಪೈಕ್‌ನಲ್ಲಿ ಅಕ್ಷರಗಳು ಮೂರು, ಆರು, ಒಂಬತ್ತು ಹೀಗೆ ಮೂರರ ಲೆಕ್ಕದಲ್ಲೇ ಬಿದ್ದಿರುವುದು ಜಾಸ್ತಿ.

ಇನ್ನು ಕೆಲವು ಬದಲಿಗಳಿಂದ ಪ್ರೊಟೀನಿಗೆ ಏನೂ ಆಗುವುದಿಲ್ಲ. "ಕುದುರೆ" ಅನ್ನಿ, "ಕುದರೆ" ಅನ್ನಿ, ಓಡುವುದು ಅದೇ ಪ್ರಾಣಿ. ಜೀನೋಮಿನ 3037ನೇ ಜಾಗದಲ್ಲಿ ಸಿ ಹೋಗಿ ಟಿ ಬಂತು, ಟಿಟಿಸಿ ಇದ್ದದ್ದು ಟಿಟಿಟಿ ಆಯಿತು, ಎರಡಕ್ಕೂ ಫಿನೈಲಲನಿನ್ ಅನ್ನುವ ಅದೇ ಅಮೈನೊ ಆಮ್ಲ. ಇಂಥದ್ದಕ್ಕೆ ನಾನು "ಮೌನ ಬದಲಿ" ಅಂತ ಬರೆಯುತ್ತೇನೆ. "50 ಮ್ಯುಟೇಶನ್ ಇದೆ" ಅಂತ ಯಾರಾದರೂ ಬೆಚ್ಚಿಬೀಳಿಸಿದರೆ ಮೊದಲು ಕೇಳಬೇಕಾದ್ದು, ಅದರಲ್ಲಿ ಮೌನ ಬದಲಿ ಎಷ್ಟು, ಪ್ರೊಟೀನ್ ಬದಲಾಗಿದ್ದು ಎಷ್ಟು ಅಂತ.

ಈಗ ಎಲ್ಲರೂ ಎಡವುವ ಜಾಗ: ಡಿ614ಜಿ ಥರದ ಬರಹ. ಇದೊಂದು ಓದಲು ಬಂದರೆ ಉಳಿದದ್ದೆಲ್ಲ ಬರುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಎಡಗಡೆಯದು ಮೊದಲು ಇದ್ದದ್ದು, ನಡುವೆ ಜಾಗದ ನಂಬರು, ಬಲಗಡೆ ಈಗ ಬಂದದ್ದು. ಡಿ ಅಂದರೆ ಆಸ್ಪಾರ್ಟಿಕ್ ಆಮ್ಲ, ಜಿ ಅಂದರೆ ಗ್ಲೈಸಿನ್. ಸ್ಪೈಕ್ ಪ್ರೊಟೀನಿನ 614ನೇ ಮಣಿ ಆಸ್ಪಾರ್ಟಿಕ್ ಆಮ್ಲ ಇದ್ದದ್ದು ಗ್ಲೈಸಿನ್ ಆಗಿದೆ, ಅಷ್ಟೇ. ಇದನ್ನೇ ಇನ್ನೊಂದು ರಿಪೋರ್ಟಿನಲ್ಲಿ ಎ23403ಜಿ ಅಂತ ಬರೆದಿರುತ್ತಾರೆ, ನೋಡಿದವರು ಇದು ಇನ್ನೊಂದು ಹೊಸ ಮ್ಯುಟೇಶನ್ ಅಂದುಕೊಳ್ಳುತ್ತಾರೆ. ಎರಡೂ ಒಂದೇ. ಒಂದು ಪೇಪರ್ ತಗೊಂಡು ಲೆಕ್ಕ ಮಾಡಿ. ಸ್ಪೈಕ್ ಜೀನ್ ಶುರುವಾಗುವುದು ಜೀನೋಮಿನ 21,563ನೇ ಅಕ್ಷರದಿಂದ. 614ನೇ ಮಣಿಗೆ ಮುಂಚೆ 613 ಮಣಿ, ಒಂದೊಂದಕ್ಕೆ ಮೂರು ಅಕ್ಷರ, ಒಟ್ಟು 1,839. ಕೂಡಿದರೆ 23,402. ಅಂದರೆ ನಮ್ಮ ಮಣಿಯ ಮೂರು ಅಕ್ಷರ ಇರುವುದು 23,402, 23,403 ಮತ್ತು 23,404ರಲ್ಲಿ. ಅಲ್ಲಿ ಜಿಎಟಿ ಇತ್ತು, ನಡುವಿನ ಎ ಹೋಗಿ ಜಿ ಬಂದು ಜಿಜಿಟಿ ಆಯಿತು. ಸರಿಹೋಯಿತಲ್ಲ? ನಾನು ಮೊದಲ ಸಲ ಈ ಲೆಕ್ಕ ಕೈಯಲ್ಲಿ ಮಾಡಿ ನೋಡಿದ ದಿನ ಆ ನಂಬರುಗಳ ಮೇಲಿದ್ದ ಭಯವೇ ಹೋಯಿತು. ಎನ್501ವೈ, ಇ484ಕೆ ಇವನ್ನೂ ಹೀಗೇ ಮಾಡಿ ನೋಡಿ, 23,063 ಮತ್ತು 23,012ಕ್ಕೆ ಬಂದು ನಿಲ್ಲಬೇಕು.

ಇಲ್ಲೊಂದು ಎಚ್ಚರ. ಎ, ಸಿ, ಜಿ, ಟಿ ಈ ನಾಲ್ಕೂ ಆರ್‌ಎನ್‌ಎ ಅಕ್ಷರಗಳೂ ಹೌದು, ಅಮೈನೊ ಆಮ್ಲದ ಗುರುತುಗಳೂ ಹೌದು. ಹಾಗಾಗಿ ಯಾವ ಪಟ್ಟಿ ಅಂತ ಹೇಳದೆ ಬರೆಯಬೇಡಿ. ಸ್ಪೈಕ್‌ನಲ್ಲಿ ಇರುವುದೇ 1,273 ಮಣಿ, ನಂಬರು ಅದಕ್ಕಿಂತ ದೊಡ್ಡದಿದ್ದರೆ ಅದು ಸ್ಪೈಕ್‌ನ ಮಣಿಯಂತೂ ಅಲ್ಲ. ಪ್ರೊಟೀನಿನ ಹೆಸರು ಸೇರಿಸಿಯೇ ಬರೆಯಿರಿ: "ಸ್ಪೈಕ್ ಡಿ614ಜಿ". ಯಾಕೆಂದರೆ ಬೇರೆ ಪ್ರೊಟೀನುಗಳಿಗೂ ಒಂದರಿಂದ ಶುರುವಾಗುವ ಅವುಗಳದ್ದೇ ನಂಬರು ಇರುತ್ತದೆ. ಮತ್ತೆ ಈ "ಬದಲಾವಣೆ" ಅನ್ನುವುದು ಆ ವುಹಾನ್ ಪ್ರತಿಗೆ ಹೋಲಿಸಿ ಹೇಳುವ ಮಾತು, ನಿನ್ನೆಯ ವೈರಸ್ಸಿಗೆ ಹೋಲಿಸಿ ಅಲ್ಲ. 2020ರಲ್ಲೇ ಜಗತ್ತೆಲ್ಲ ಹಬ್ಬಿದ್ದ ಡಿ614ಜಿ ಇವತ್ತಿನ ಪಟ್ಟಿಯಲ್ಲೂ ಇರುತ್ತದೆ. ಅದನ್ನು ಹೊಸ ಬದಲಾವಣೆ ಅಂತ ಸುದ್ದಿ ಮಾಡಿದರೆ ತಪ್ಪಾಗುತ್ತದೆ.

ಅಕ್ಷರಲೋಪಕ್ಕೆ ಒಳ್ಳೆಯ ಉದಾಹರಣೆ ಸ್ಪೈಕ್‌ನ 69 ಮತ್ತು 70ನೇ ಮಣಿ. ಡೆಲ್ಟಾಕ್ಕಿಂತ ಮುಂಚೆ ಹರಡಿದ್ದ ಆಲ್ಫಾ ಅನ್ನುವ ಬಗೆಯಲ್ಲಿ ಇವೆರಡೂ ಇರಲಿಲ್ಲ, ಆರು ಅಕ್ಷರ ಬಿದ್ದುಹೋಗಿತ್ತು. ಮೂರು ಜೀನ್ ನೋಡುವ ಒಂದು ಪಿಸಿಆರ್ ಕಿಟ್ ಇತ್ತು, ಅದು ಸ್ಪೈಕ್‌ನಲ್ಲಿ ಹುಡುಕುತ್ತಿದ್ದದ್ದು ಸರಿಯಾಗಿ ಆ ಜಾಗವನ್ನೇ. ಹಾಗಾಗಿ ಉಳಿದೆರಡು ಜೀನ್ ಪಾಸಿಟಿವ್ ಬಂದು ಸ್ಪೈಕ್ ಮಾತ್ರ ಬಾರದಿದ್ದರೆ ಇದು ಆಲ್ಫಾ ಇರಬಹುದು ಅಂತ ಸುಳಿವು ಸಿಗುತ್ತಿತ್ತು. ಆಮೇಲೆ ಓಮಿಕ್ರಾನ್‌ನ ಬಿಎ.1 ಅನ್ನುವ ಕವಲಿನಲ್ಲೂ ಇದೇ ಲೋಪ ಇತ್ತು, ಬಿಎ.2ರಲ್ಲಿ ಇರಲಿಲ್ಲ. ಅಷ್ಟಕ್ಕೇ ಬಿಎ.2ಗೆ "ಸ್ಟೆಲ್ತ್ ಓಮಿಕ್ರಾನ್" ಅಂತ ಹೆಸರು ಬಿತ್ತು, ಟೆಸ್ಟಿಗೇ ಸಿಗದ ಕಳ್ಳ ವೈರಸ್ ಅಂತ ಜನ ಗಾಬರಿಯಾದರು. ಪಿಸಿಆರ್‌ನಲ್ಲಿ ಅದು ಪಾಸಿಟಿವ್ ಅಂತ ಬರುತ್ತಲೇ ಇತ್ತು. ಸಿಗದೆ ಹೋಗಿದ್ದು ಆ ಸುಳಿವು ಮಾತ್ರ.

ಸರಿ, ಬದಲಾವಣೆ ಆಯಿತು. ಬದಲಾವಣೆಗಳ ಒಂದು ಗುಂಪನ್ನು ಹೊತ್ತ ವೈರಸ್ಸಿಗೆ ವೇರಿಯಂಟ್ ಅನ್ನುತ್ತಾರೆ. ಕನ್ನಡದಲ್ಲಿ "ರೂಪಾಂತರಿ" ಚೆನ್ನಾಗಿದೆ, ಕೊನೆಯ ಆ "ಇ" ಬಿಡಬೇಡಿ. ರೂಪಾಂತರ ಆದ ಸಂಗತಿ, ರೂಪಾಂತರಿ ಅದನ್ನು ಹೊತ್ತದ್ದು. ಡಿ614ಜಿ ಒಂದು ರೂಪಾಂತರಿ ಅಲ್ಲ. ಡೆಲ್ಟಾ ಒಂದು ಮ್ಯುಟೇಶನ್ ಅಲ್ಲ. 2021ರ ಮಾರ್ಚ್‌ನಲ್ಲಿ "ಡಬಲ್ ಮ್ಯುಟೆಂಟ್" ಅನ್ನುವ ಮಾತು ಎಷ್ಟು ಓಡಾಡಿತು ನೆನಪಿದೆಯಾ? ಕೇಂದ್ರದ ಆರೋಗ್ಯ ಸಚಿವಾಲಯ ಎಲ್452ಆರ್ ಮತ್ತು ಇ484ಕ್ಯೂ ಎರಡೂ ಒಟ್ಟಿಗಿರುವ ಮಾದರಿಗಳು ಸಿಕ್ಕಿವೆ ಅಂತ ಹೇಳಿತ್ತು. ನಮ್ಮ ಬೀದಿಯಲ್ಲಿ ಜನ ಅದನ್ನು ಎರಡು ವೈರಸ್ ಸೇರಿಕೊಂಡಿದೆ, ಎರಡು ಪಟ್ಟು ಬಲ ಅಂತ ತಿಳಿದುಕೊಂಡರು. ಅಸಲಿಗೆ ಬಿ.1.617 ಅನ್ನುವ ಆ ವಂಶದಲ್ಲಿ ಎರಡೇ ಬದಲಾವಣೆ ಇರಲೂ ಇಲ್ಲ, ಸ್ಪೈಕ್ ಪಿ681ಆರ್ ಸೇರಿ ಇನ್ನೂ ಹಲವು ಇದ್ದವು. ಡಬಲ್, ಟ್ರಿಪಲ್ ಅಂತ ಎಣಿಸಿ ಹೆಸರಿಡುವುದನ್ನು ಬಿಟ್ಟೇಬಿಡಿ. "ಪ್ಲಸ್" ಕೂಡ ಹಾಗೇ. ಡೆಲ್ಟಾಕ್ಕೆ ಸ್ಪೈಕ್ ಕೆ417ಎನ್ ಅನ್ನುವ ಒಂದು ಬದಲಿ ಜಾಸ್ತಿ ಸೇರಿದ್ದಕ್ಕೆ ಡೆಲ್ಟಾ ಪ್ಲಸ್ ಅಂದರು, ಕೇಳಿದವರಿಗೆ ಇನ್ನೂ ಜೋರು ಅನ್ನಿಸಿತು. ಅದು ಡೆಲ್ಟಾವನ್ನು ಹಿಂದೆ ಹಾಕಲೇ ಇಲ್ಲ.

ಇನ್ನು ವಂಶ, ಅಂದರೆ ಲೀನಿಯೇಜ್. ಬಿ.1.617.2 ಥರದ ಹೆಸರು ಪ್ಯಾಂಗೊ ಪದ್ಧತಿಯದು, ಅಂದರೆ ವಿಜ್ಞಾನಿಗಳು ಕೊರೊನಾ ವಂಶಗಳಿಗೆ ಹೆಸರಿಡುವ ಕ್ರಮ. ಬೆಂಗಳೂರಿನ ವಿಳಾಸ ಓದುವವರಿಗೆ ಇದು ಕಷ್ಟವೇ ಅಲ್ಲ. ಬಡಾವಣೆ, ಬ್ಲಾಕು, ಮೇನು, ಕ್ರಾಸು ಅಂತ ಒಳಗೆ ಹೋಗುತ್ತೀರಲ್ಲ, ಹಾಗೇ ಬಿ ಇಂದ ಬಿ.1, ಅದರಿಂದ ಒಡೆದ 617ನೇ ಕವಲು, ಅದರ ಎರಡನೇ ಮರಿಕವಲು. ಚುಕ್ಕಿ ದಶಮಾಂಶದ್ದಲ್ಲ, ನಂಬರು ದೊಡ್ಡದಾದರೆ ವೈರಸ್ ಜೋರು ಅಂತಲೂ ಅಲ್ಲ. ಮೂರು ನಂಬರು ಆದ ಮೇಲೆ ವಿಳಾಸ ತೀರಾ ಉದ್ದವಾಗುತ್ತದೆ ಅಂತ ಹೊಸ ಅಕ್ಷರದಿಂದ ಶುರು ಮಾಡುತ್ತಾರೆ. ಬಿ.1.617.2ರ ಮಕ್ಕಳು ಎವೈ.1, ಎವೈ.2 ಅಂತ. ಬಿ.1.1.529ರ ಮಕ್ಕಳು ಬಿಎ.1, ಬಿಎ.2 ಅಂತ. 2023ರ ಕೊನೆಗೆ ಕೇಳಿಬಂದ ಜೆಎನ್.1 ಅಂದರೆ ಬಿಎ.2.86.1.1. ಅಕ್ಷರ ಹೊಸದು, ಮನೆತನ ಹಳೆಯ ಓಮಿಕ್ರಾನ್‌ದೇ. ಆಗ "ಓಮಿಕ್ರಾನ್ ಹೋಯಿತು, ಜೆಎನ್.1 ಬಂತು" ಅಂತ ಬರೆದದ್ದನ್ನು ಓದಿ ತುಂಬಾ ಬೇಜಾರಾಗಿತ್ತು, ಮೊಮ್ಮಗ ಬಂದ ಅಂತ ಮನೆತನವೇ ಬೇರೆ ಆಗುತ್ತದಾ?

ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಡೆಲ್ಟಾ ಬಿ.1.617.2, ಓಮಿಕ್ರಾನ್ ಬಿ.1.1.529. ಎರಡೂ ಬಿ.1ರವರೆಗೆ ಒಂದೇ ದಾರಿ, ಅಲ್ಲಿಂದ ಬೇರೆ ಬೇರೆ. ಅವತ್ತು ಅವರೆ ಸಿಪ್ಪೆಯನ್ನೇ ಟೇಬಲ್ ಮೇಲೆ ಕವಲು ಕವಲಾಗಿ ಜೋಡಿಸಿ ತೋರಿಸಿದೆ. "ಓ, ದಾಯಾದಿಗಳು" ಅಂದರು ದೊಡ್ಡಮ್ಮ. ಅದಕ್ಕಿಂತ ಒಳ್ಳೆಯ ಪದ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ, ಬರೆಯುವಾಗ ಅದನ್ನೇ ಬಳಸುತ್ತೇನೆ. ಡೆಲ್ಟಾ ಓಮಿಕ್ರಾನ್ "ಆಗಲಿಲ್ಲ", ಡೆಲ್ಟಾದ ಜಾಗವನ್ನು ಅದರ ದಾಯಾದಿ ಓಮಿಕ್ರಾನ್ "ಹಿಡಿಯಿತು".

ಗ್ರೀಕ್ ಹೆಸರುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶುರು ಮಾಡಿದ್ದು 2021ರ ಮೇ 31ರಂದು. ಅಲ್ಲಿಯವರೆಗೆ ಬ್ರಿಟನ್ ವೈರಸ್, ಆಫ್ರಿಕಾ ವೈರಸ್ ಅಂತ ನಾವೂ ಸಲೀಸಾಗಿ ಬರೆದೆವು, "ಇಂಡಿಯನ್ ವೇರಿಯಂಟ್" ಅಂದಾಗ ಮಾತ್ರ ಚುಚ್ಚಿತು. ಊರಿನ ಹೆಸರು ಇಡಬೇಡಿ. ಮೊದಲು ಪತ್ತೆಯಾದ ಊರು ಅಂದರೆ ಹುಟ್ಟಿದ ಊರು ಅಂತಲ್ಲ. ಅಲ್ಲಿ ಒಳ್ಳೆಯ ಸೀಕ್ವೆನ್ಸಿಂಗ್ ಲ್ಯಾಬ್, ಅಂದರೆ ಜೀನೋಮಿನ ಅಕ್ಷರ ಓದುವ ಲ್ಯಾಬ್ ಇತ್ತು ಅಂತ ಇರಬಹುದು. ನಮ್ಮಲ್ಲಿ 2020ರ ಡಿಸೆಂಬರ್‌ನಲ್ಲಿ ಶುರುವಾದ, ಕೊರೊನಾ ಜೀನೋಮ್ ಓದುವ ಇನ್ಸಾಕಾಗ್ ಜಾಲದ ಮೊದಲ ಹತ್ತು ಲ್ಯಾಬುಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇತ್ತು, ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಆವರಣದ ಲ್ಯಾಬೂ ಇತ್ತು. ಹುಡುಕುವವರು ಇರುವ ಊರಿನಲ್ಲಿ ಸಿಗುತ್ತದೆ. ಅದಕ್ಕೆ ಆ ಊರನ್ನು ದೂರುವುದು ಅನ್ಯಾಯ.

"ತಳಿ" ಪದದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ತಳಿ ಅಂದರೆ ನಮಗೆ ಮೊದಲು ನೆನಪಾಗುವುದು ರಾಗಿ, ಅಕ್ಕಿ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ಮಂಡ್ಯದ ಕಡೆ ತಂದ ಇಂಡಾಫ್ ಇದೆಯಲ್ಲ, ಅದು ತಳಿ: ಗುಣ ಬೇರೆ ಅಂತ ಹೊಲದಲ್ಲಿ ಬೆಳೆದು ನೋಡಿ ಹೆಸರಿಟ್ಟದ್ದು. ವೈರಸ್ಸಿಗೂ ಅದೇ ಅಳತೆ ಇಡಿ. ನಡವಳಿಕೆ ನಿಜವಾಗಿ ಬೇರೆ ಅಂತ ತೋರಿಸಿದ್ದರೆ ತಳಿ ಅನ್ನಿ, ಎರಡು ಅಕ್ಷರ ಬದಲಾದ ಮಾತ್ರಕ್ಕೆ "ಹೊಸ ತಳಿ" ಬೇಡ. ಫ್ಲೂ ಲಸಿಕೆ ವಿಷಯದಲ್ಲಿ ಸ್ಟ್ರೇನ್ ಅಂತಲೇ ರೂಢಿ, ಅಲ್ಲಿ ತಳಿ ಸರಿ. ಡೆಂಗಿಗೆ ಮಾತ್ರ ಖಂಡಿತ ಬೇಡ. ಪ್ರತಿ ಮಳೆಗಾಲ ಬೆಂಗಳೂರಿನಲ್ಲಿ "ಡೆಂಗಿಯ ಹೊಸ ತಳಿ" ಸುದ್ದಿ ಬರುತ್ತದೆ, ನೋಡಿದರೆ ಡೆನ್-1ರಿಂದ ಡೆನ್-4ರವರೆಗಿನ ಹಳೆಯ ನಾಲ್ಕರಲ್ಲೇ ಒಂದು ಇರುತ್ತದೆ. ಅವು ಸಿರೊಟೈಪ್‌ಗಳು, ನಮ್ಮ ದೇಹದ ಪ್ರತಿಕಾಯಗಳು ಗುರುತಿಸುವ ರೀತಿಯಿಂದ ವಿಂಗಡಿಸಿದ್ದು. ಒಂದು ಸಲ ಬಂದವರಿಗೆ ಇನ್ನೊಂದು ಬಂದರೆ ಕಾಯಿಲೆ ಜೋರಾಗುವ ಅಪಾಯ ಹೆಚ್ಚು, ಅದಕ್ಕೇ ಯಾವ ನಂಬರು ಅನ್ನುವುದು ಮುಖ್ಯ. ಎಂಪಾಕ್ಸ್‌ಗೆ (ಮೊದಲು ಮಂಕಿಪಾಕ್ಸ್ ಅನ್ನುತ್ತಿದ್ದ ಕಾಯಿಲೆ) "ಕ್ಲೇಡ್" ಅನ್ನುತ್ತಾರೆ, ಒಂದೇ ಪೂರ್ವಜರಿಂದ ಬಂದ ಇಡೀ ಕೊಂಬೆ. ಅದಕ್ಕೆ "ಕವಲು" ಅನ್ನುವುದೇ ಸಾಕು. ಎಂಪಾಕ್ಸ್ ಕವಲುಗಳಿಗೂ ಮೊದಲು ಆಫ್ರಿಕಾದ ಜಾಗಗಳ ಹೆಸರಿತ್ತು, 2022ರ ಆಗಸ್ಟ್‌ನಲ್ಲಿ ತೆಗೆದು ಬರೀ ನಂಬರು ಮಾಡಿದರು.

ಎರಡು ವೈರಸ್ ನಿಜವಾಗಿಯೂ ಸೇರಿಕೊಳ್ಳುವುದು ಉಂಟು. ಒಬ್ಬರ ಒಂದೇ ಕೋಶಕ್ಕೆ ಎರಡು ಬಗೆ ಹೊಕ್ಕಿದರೆ ನಕಲು ತೆಗೆಯುವಾಗ ಒಂದರಿಂದ ಇನ್ನೊಂದಕ್ಕೆ ಜಿಗಿದು ಕಲಬೆರಕೆ ಪ್ರತಿ ಬರಬಹುದು. ಇಳಕಲ್ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ ಇದ್ದು ನಡುವೆ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಹಾಗೆ. ಇದು ರಿಕಾಂಬಿನೇಶನ್. ಪ್ಯಾಂಗೊದಲ್ಲಿ ಇಂಥವಕ್ಕೆ ಎಕ್ಸ್‌ನಿಂದ ಶುರುವಾಗುವ ಹೆಸರು, ಎಕ್ಸ್‌ಬಿಬಿ ಬಿಎ.2ರ ಎರಡು ಸಂತತಿಗಳು ಹೀಗೆ ಕೂಡಿ ಬಂದದ್ದು. ಫ್ಲೂ ವೈರಸ್ಸಿನದು ಬೇರೆ ಕಥೆ. ಅದರ ಜೀನೋಮ್ ಒಂದೇ ಸಾಲಲ್ಲ, ಎಂಟು ತುಂಡು. ಎರಡು ಫ್ಲೂ ಒಂದೇ ಕೋಶದಲ್ಲಿ ಸಿಕ್ಕಿದರೆ ತುಂಡು ತುಂಡೇ ಅದಲುಬದಲು ಆಗುತ್ತದೆ, ಇದು ರೀಅಸಾರ್ಟ್‌ಮೆಂಟ್. 2009ರ ಎಚ್1ಎನ್1 ಹಾಗೆ ಬಂದದ್ದು. ಎರಡಕ್ಕೂ ಸುಮ್ನೆ "ಮಿಶ್ರಣ" ಅಂತ ಬರೆದರೆ ವ್ಯತ್ಯಾಸ ಹೋಗುತ್ತದೆ, "ಜೋಡಣೆ" ಮತ್ತು "ತುಂಡು ಬದಲು" ಅಂತ ಬರೆಯಿರಿ.

ಕೊನೆಗೆ ಗುಣ ಹೇಳುವ ಪದಗಳು, ಇಲ್ಲಿ ತಪ್ಪಿದರೆ ಜನರಿಗೆ ತೊಂದರೆ. ಡಾಮಿನೆಂಟ್ ಅನ್ನುವುದಕ್ಕೆ "ಪ್ರಬಲ ತಳಿ" ಅಂತ ಬರೆಯುತ್ತಾರೆ, ಓದಿದವರು ಅಪಾಯಕಾರಿ ಅಂದುಕೊಳ್ಳುತ್ತಾರೆ. ಅದರ ಅರ್ಥ ಅಷ್ಟೇ: ಈಗ ಸಿಗುತ್ತಿರುವುದರಲ್ಲಿ ಅದೇ ಜಾಸ್ತಿ. ಹಾಗೇ ಬರೆಯಿರಿ. "ತೀವ್ರವಾಗಿ ಹರಡುತ್ತದೆ" ಬೇಡ, "ಬೇಗ ಹರಡುತ್ತದೆ" ಅನ್ನಿ, "ತೀವ್ರ" ಪದವನ್ನು ಕಾಯಿಲೆಯ ಜೋರಿಗೆ ಮಾತ್ರ ಇಟ್ಟುಕೊಳ್ಳಿ. ಬೇಗ ಹರಡುವುದು, ಕಾಯಿಲೆ ಜೋರಾಗುವುದು, ಲಸಿಕೆಯಿಂದ ಬಂದ ರಕ್ಷಣೆಯನ್ನು ತಪ್ಪಿಸಿಕೊಳ್ಳುವುದು, ಈ ಮೂರೂ ಬೇರೆ. ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚಲೇಬೇಕು ಅಂತಿಲ್ಲ.

ಇಷ್ಟನ್ನು ಇಟ್ಟುಕೊಂಡು ಒಂದು ವಾಕ್ಯ ತಿದ್ದಿ ನೋಡೋಣ. ಬಂದದ್ದು: "ಮತ್ತೆ ರೂಪ ಬದಲಿಸಿದ ಕೊರೊನಾ, ನಗರದಲ್ಲಿ ಪ್ರಬಲ ಜೆಎನ್.1 ರೂಪಾಂತರ ಪತ್ತೆ." ತಿದ್ದಿದ್ದು: "ನಗರದಲ್ಲಿ ಜೆಎನ್.1 ರೂಪಾಂತರಿ ಸಿಕ್ಕಿದೆ. ಇದು ಓಮಿಕ್ರಾನ್ ವಂಶದ್ದೇ ಒಂದು ಕವಲು. ತಾಯಿ ಕವಲಾದ ಬಿಎ.2.86ಕ್ಕೆ ಹೋಲಿಸಿದರೆ ಇದರಲ್ಲಿ ಸ್ಪೈಕ್ ಎಲ್455ಎಸ್ ಅನ್ನುವ ಒಂದು ಬದಲಿ ಹೆಚ್ಚಿಗೆ ಆಗಿದೆ." ಉದ್ದವಾಯಿತು, ನಿಜ. ತಲೆಬರಹಕ್ಕೆ ಮೊದಲ ವಾಕ್ಯ ಒಂದೇ ಸಾಕು, ಉಳಿದೆರಡು ಕೆಳಗೆ ಬರಲಿ. ಪಕ್ಕದಲ್ಲಿ ತಾರೀಖು ಹಾಕಿ, ಪ್ಯಾಂಗೊ ಪಟ್ಟಿ ಆಗಾಗ ಪರಿಷ್ಕರಣೆ ಆಗಿ ಇವತ್ತಿನ ಮಾದರಿಗೆ ನಾಳೆ ಇನ್ನೂ ಒಳಗಿನ ಕವಲಿನ ಹೆಸರು ಬರಬಹುದು.